ಸೊನ್ನೆಯ ಬೇಸಿಗೆ

ಜುಲೈ 23

ಬೆಳಗಿನಿಂದ ಏಳು ತಂಗುದಾಣ ನೋಡಿ ಬಂದೆ. ಕಾಲು ಊದಿ ಕುಂಬಳಕಾಯಿಯಾಗಿದೆ. ನಮ್ಮವರು ಬಕೆಟ್ಟಿಗೆ ತಣ್ಣೀರು ತುಂಬಿ ಮುಂದಿಟ್ಟು, "ಪಲ್ಯದಂಗಡಿ ಇದ್ದಾಗ್ಲೇ ವಾಸಿ ಇತ್ತು ಕಣೆ. ಸಾಯಂಕಾಲ ಮಿಕ್ಕಿದ್ದಾದ್ರೂ ತಿನ್ನೋಕೆ ಸಿಗ್ತಿತ್ತು" ಎಂದು ಹಂಗಿಸಿದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಅವರಿಗೆ ಉಳಿದಿರುವ ಉದ್ಯೋಗ ನನ್ನನ್ನು ಆಡಿಕೊಳ್ಳುವುದೊಂದೇ.

ಮಾರುಕಟ್ಟೆಯಲ್ಲಿ ಕಿಮ್ಚಿ ಉಪ್ಪಿನಕಾಯಿ, ಪಲ್ಯ ಮಾರುತ್ತಿದ್ದವಳು ಹಾನ್ಮೊಕ್ ವಾರ್ಡ್ ಪರಿಷತ್ತಿನ ಸದಸ್ಯೆಯಾಗಿ ಮೂರು ವರ್ಷವಾಯಿತು. ಹವಾಮಾನ ಮತ್ತು ಬಡತನ ಸಮಿತಿ ನನ್ನದು. ಬಡವರ ಮನೆಯ ಚಾವಣಿಗೆ ಬಿಳಿ ಬಣ್ಣ ಬಳಿಯುವುದು, ಬಿಸಿಲಲ್ಲಿ ಮುದುಕರಿಗೆ ತಂಗುದಾಣ ತೆರೆದಿಡುವುದು, ಇವೆಲ್ಲ ಕಚೇರಿಯವರ ಕೆಲಸ. ಮಾಡಿದ್ದಾರೋ ಇಲ್ಲವೋ ಎಂದು ನೋಡುವುದು ನಮ್ಮ ಕೆಲಸ. ನವೆಂಬರಿನಲ್ಲಿ ಅವರನ್ನು ಕೂರಿಸಿ ಪ್ರಮಾಣ ಮಾಡಿಸಿ ವಿಚಾರಣೆ ಮಾಡುತ್ತೇವೆ.

ಸುತ್ತ ಗುಡ್ಡವಿರುವ ಈ ಊರು ಬೇಸಿಗೆಯಲ್ಲಿ ಬಾಣಲೆಯಾಗುತ್ತದೆ. ಆದರೂ ಎರಡು ವರ್ಷದಿಂದ ನಮ್ಮ ವಾರ್ಡಿನಲ್ಲಿ ಬಿಸಿಲಿಗೆ ಸತ್ತವರ ಸಂಖ್ಯೆ ಸೊನ್ನೆ. ಈ ವರ್ಷವೂ ಸೊನ್ನೆ ಬಂದರೆ ರಾಜಧಾನಿಯಿಂದ ಫಲಕ ಬರುತ್ತದೆ. ನನ್ನ ಕರಪತ್ರದಲ್ಲಿ ಅದರ ಫೋಟೋ ಹಾಕಿಸುವ ಆಸೆ ನನಗಿದೆ. ಸುಳ್ಳು ಏಕೆ ಹೇಳಲಿ, ಬಹಳ ಇದೆ.

ಕೊನೆಯದು ಮೂರು ಬಾವಿ ಓಣಿಯ ಹಿರಿಯರ ಮನೆ, ಓಣಿಯ ಮುದುಕರ ಕೂಟ ಹಗಲು ಹೊತ್ತು ಸೇರುವ ಜಾಗ. ಪರಿಶೀಲನೆಯ ಹಾಳೆಯಲ್ಲಿ ಮೂರೇ ಪ್ರಶ್ನೆ: ಬಾಗಿಲು ತೆರೆದಿದೆಯೇ, ಎಸಿ ನಡೆಯುತ್ತಿದೆಯೇ, ಎಷ್ಟು ಜನ ಬಂದಿದ್ದಾರೆ. ಆರು ಕಡೆ ಶೂ ಬಿಚ್ಚಿ ಕಟ್ಟಿ ಸಾಕಾಗಿತ್ತು. ಹೊಸ್ತಿಲಲ್ಲೇ ನಿಂತೆ. ಮುಖಕ್ಕೆ ತಣ್ಣನೆ ಗಾಳಿ ಬಂತು. ಒಳಗೆ ಟಿವಿ, ನಗು. ಗೂಡಿನಲ್ಲಿದ್ದ ಚಪ್ಪಲಿ ಎಣಿಸಿದೆ, ಇಪ್ಪತ್ತಾರು ಜೊತೆ. ಹಾಳೆಯಲ್ಲಿ 26 ಎಂದು ಬರೆದು ಸಹಿ ಹಾಕಿದೆ. ಒಂದು ಮನೆಗೆ ಎಷ್ಟು ಜನ ಬಂದಿದ್ದಾರೆಂದು ತಿಳಿಯಲು ನಮ್ಮಲ್ಲಿ ಯಾರೂ ಒಳಗೆ ಇಣುಕುವುದಿಲ್ಲ, ಹೊಸ್ತಿಲು ನೋಡಿದರೆ ಸಾಕು.

ಹೊರಗೆ ಗೋಡೆಯ ಬುಡದಲ್ಲಿ ಗೇಣಗಲದ ನೆರಳಿತ್ತು. ಅಲ್ಲಿ ಒಬ್ಬ ಮುದುಕಿ ರಟ್ಟು ಹಾಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ರಟ್ಟು ತುಂಬಿದ ಕೈಗಾಡಿ.

"ಅಜ್ಜಿ, ಒಳಗೆ ತಂಪಾಗಿದೆ, ಹೋಗಿ" ಎಂದೆ.

"ಇಲ್ಲೇ ಗಾಳಿ ಬರ್ತದೆ."

ಗಾಳಿಯ ಹೆಸರಿರಲಿಲ್ಲ. "ಹೋಗಿ ಅಜ್ಜಿ, ಯಾರೇನಂತಾರೆ."

"ನಿಂಗೆ ಕೆಲ್ಸ ಇರ್ತದೆ, ನೀನ್ ಹೋಗವ್ವ" ಎಂದಳು.

ನನಗೆ ನಿಜವಾಗಿ ಕೆಲಸವಿತ್ತು. ಕಚೇರಿಯ ಮೇಂಗ್ ಅವರು ಹಿರಿಯರ ಮನೆಯ ಮುಂದೆ ನನ್ನದೊಂದು ಫೋಟೋ ತೆಗೆದರು. ಬಂದೆವು.

ಆಗಸ್ಟ್ 6

ಮೂರು ಬಾವಿ ಓಣಿಯಲ್ಲಿ ಒಂದು ಮುದುಕಿ ಕೋಣೆಯಲ್ಲೇ ಸತ್ತಿದ್ದಾಳೆ. ಯೊಮ್ ಮಲ್-ನ್ಯೊ, ಎಪ್ಪತ್ತೊಂಬತ್ತು ವರ್ಷ. ಮಲ್-ನ್ಯೊ ಅಂದರೆ ಕಡೆಯ ಹುಡುಗಿ. ಹೆಣ್ಣು ಹುಟ್ಟಿದ್ದು ಇನ್ನು ಸಾಕು ಎಂದು ಹಿಂದಿನವರು ಇಡುತ್ತಿದ್ದ ಹೆಸರು. ಮೂರು ದಿನ ಕೈಗಾಡಿ ಬರಲಿಲ್ಲವೆಂದು ಗುಜರಿಯವನು ಹೋಗಿ ಬಾಗಿಲು ತಟ್ಟಿದನಂತೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆಯೇ, ಗಾಳಿ ಬರುವುದಿಲ್ಲ. ಬಾಗಿಲು ಒಡೆದಾಗಲೂ ಫ್ಯಾನು ತಿರುಗುತ್ತಲೇ ಇತ್ತಂತೆ.

ತಕ್ಷಣ ಮೇಂಗ್ ಅವರಿಗೆ ಫೋನು ಮಾಡಿದೆ. ಹವಾಮಾನ ತಂಡದ ಮುಖ್ಯಸ್ಥರು, ನಲವತ್ತೈದರ ಅಚ್ಚುಕಟ್ಟು ಮನುಷ್ಯ, ಯಾವ ಪ್ರಶ್ನೆ ಕೇಳಿದರೂ ದನಿ ಏರುವುದಿಲ್ಲ.

"ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಸತ್ತಿದ್ರೆ ಮಾತ್ರ ಬಿಸಿಲಿನ ಸಾವು ಅಂತ ಬರುತ್ತೆ ಮೇಡಂ. ಇವ್ರು ಮನೇಲೇ ಹೋಗಿದ್ದಾರೆ. ವಯಸ್ಸು, ಹೃದಯ ಅಂತ ಬರ್ದಿದ್ದಾರೆ."

"ಹಾಗಾದ್ರೆ ಸೊನ್ನೆ?"

"ಸೊನ್ನೆ."

ನಿರಾಳವಾಯಿತು. ಪಾಪ, ಎಂದೂ ಅನ್ನಿಸಿತು. ಎರಡರಲ್ಲಿ ಮೊದಲು ಬಂದದ್ದು ನಿರಾಳ. ನನ್ನ ಡೈರಿಗೆ ನಾನೇ ಬಣ್ಣ ಬಳಿಯಬೇಕಾಗಿಲ್ಲವಲ್ಲ.

ಆಗಸ್ಟ್ 9

ಕರಪತ್ರಕ್ಕೆ ಫೋಟೋ ಆರಿಸುತ್ತಿದ್ದೆ. ಮೂರು ಬಾವಿ ಓಣಿಯದರಲ್ಲಿ ನಾನು ಚೆನ್ನಾಗಿ ಬಂದಿದ್ದೇನೆ. ಮೂಲೆಯಲ್ಲಿ ಆ ಕೈಗಾಡಿ, ಅದರ ಪಕ್ಕ ಅವಳು. ನನ್ನ ಕಡೆಗೇ ನೋಡುತ್ತಿದ್ದಾಳೆ.

ಗುಜರಿಯವನಿಗೆ ಫೋನು ಮಾಡಿ ಕೇಳಿದೆ. ಹಳದಿ ಟೋಪಿ, ಗಾಡಿಗೆ ನೀಲಿ ಹಗ್ಗ, ಹೌದು ಮೇಡಂ ಅವ್ಳೇ ಮಲ್-ನ್ಯೊ ಎಂದ.

ಅಚ್ಚಿನವನಿಗೆ ಆ ಮೂಲೆ ಕತ್ತರಿಸಿ ಹಾಕಲು ಹೇಳಿದೆ. ನೋಡಿದವರಿಗೆ ಬೇಜಾರಾಗಬಾರದೆಂದು.

ಆಗಸ್ಟ್ 10

ಸೆಕೆ. ಬರೆಯಲು ಏನೂ ಇಲ್ಲ.

ಆಗಸ್ಟ್ 19

ವಾರಸುದಾರರಿಲ್ಲದವರ ಅಂತ್ಯಕ್ರಿಯೆ ಇವತ್ತು ಚಿತಾಗಾರದಲ್ಲಿ ಇತ್ತು. ಹತ್ತು ನಿಮಿಷ ಮುಖ ತೋರಿಸಿ ಬರೋಣವೆಂದು ಹೋದೆ. ಗುಜರಿಯವನು, ವಾರ್ಡಿನ ಒಬ್ಬ ಗುಮಾಸ್ತ, ನಾನು. ಫೋಟೋ ಇರಬೇಕಾದ ಜಾಗದಲ್ಲಿ ಬರೀ ಹೆಸರು ಬರೆದ ಹಲಗೆ. ಒಳ್ಳೆಯ ಫೋಟೋ ಒಂದೂ ಸಿಗಲಿಲ್ಲವಂತೆ.

ಕ್ರಿಯೆ ನಡೆಸುವವರು, "ಮನೆಯವರ ಪರವಾಗಿ ಸತ್ತವರಿಗೆ ಯಾರು ಮದ್ಯ ಎರೀತೀರಿ?" ಎಂದರು. ಗುಮಾಸ್ತ ನನ್ನನ್ನು ನೋಡಿದ. ಗುಜರಿಯವನೂ ನೋಡಿದ. ಸರಿ, ನಾನೇ ಮಂಡಿಯೂರಿ ಬಟ್ಟಲಿಗೆ ಎರೆದು ಎರಡು ಸಲ ನಮಸ್ಕಾರ ಮಾಡಿದೆ. ನನ್ನ ಬ್ಯಾಗಿನಲ್ಲಿ ಹೊಸ ಕರಪತ್ರದ ಕಟ್ಟು ಇತ್ತು.

ಹಿಂದಿರುಗುವಾಗ ಬಸ್ ನಿಲ್ದಾಣದಲ್ಲಿ, ಕಂಬದ ನೆರಳು ಬಿದ್ದ ಕಡೆ, ಅವಳು ಕೂತಿದ್ದಳು. ಹಾಡಹಗಲು, ಹನ್ನೆರಡು ಗಂಟೆ. ರಟ್ಟು, ಹಳದಿ ಟೋಪಿ. ಬಸ್ಸು ಬಂದು ಅಡ್ಡ ನಿಂತಿತು. ಅದು ಹೋದ ಮೇಲೆ ಯಾರೂ ಇರಲಿಲ್ಲ. ಬಿಸಿಲಿಗೆ ತಲೆ ಸುತ್ತಿರಬೇಕು. ಬೆಳಿಗ್ಗೆ ತಿಂಡಿಯೂ ತಿಂದಿರಲಿಲ್ಲ.

ಆಗಸ್ಟ್ 27

ಇವತ್ತು ಪರಿಷತ್ತಿನ ಕಟ್ಟಡದ ಪಡುವಣ ಗೋಡೆಯ ಬಳಿ ಅವಳು. ಮೊನ್ನೆ ಔಷಧಿ ಅಂಗಡಿಯ ಮುಂದೆ. ನೆರಳು ಎಲ್ಲಿ ಗೇಣಗಲ ಇರುತ್ತದೋ ಅಲ್ಲಿ. ಹತ್ತಿರ ಹೋದರೆ ಇಲ್ಲ. ದೂರ ಹೋದರೆ ಬೆನ್ನ ಹಿಂದೆ ಅದೇ ಮಾತು. ನೀನ್ ಹೋಗವ್ವ. ಬೈದಿದ್ದರೆ ನಾನೂ ಬೈಯಬಹುದಿತ್ತು. ಹೋಗು ಎಂದವಳಿಗೆ ಏನು ಹೇಳುವುದು?

ನಮ್ಮವರ ಜೊತೆ ಮಾರುಕಟ್ಟೆಗೆ ಹೋಗಿದ್ದೆ. "ಅಷ್ಟು ನೆರಳಿದೆ, ಬಿಸಿಲಲ್ಲಿ ಯಾಕೆ ನಿಂತಿದ್ದೀಯೆ? ಬುದ್ಧಿ ಬಾಡಿಗೆಗೆ ಕೊಟ್ಟಿದ್ದೀಯಾ?" ಎಂದು ರೇಗಿದರು.

"ಅಲ್ಲಿ ಜಾಗ ಇಲ್ಲ" ಎಂದೆ.

ಅವರು ನೆರಳಿನ ಕಡೆ ಒಮ್ಮೆ ನೋಡಿ ನನ್ನ ಕೈಯ ಚೀಲ ತಾವೇ ತೆಗೆದುಕೊಂಡರು. ಅವರು ಹಂಗಿಸದೆ ಬಿಡುವುದು ಅಪರೂಪ.

ಸೆಪ್ಟೆಂಬರ್ 2

ಹಿರಿಯರ ಮನೆಗೆ ಹೋದೆ. ಶೂ ಬಿಚ್ಚಿ ಒಳಗೇ ಹೋದೆ.

ಅಲ್ಲಿನ ಅಧ್ಯಕ್ಷೆ ತಾಕ್ ಗುಮ್-ಸಿಮ್. ಎಂಬತ್ತೆರಡು ವರ್ಷ, ಬೆನ್ನು ಬಾಗಿದ್ದರೂ ನಾಲಿಗೆ ಬಾಗಿಲ್ಲ. ಇಸ್ಪೀಟೆಲೆ ಆಟದಿಂದ ತಲೆ ಎತ್ತದೆ, "ಬಾರೇ ಪಲ್ಯದಂಗಡಿಯವಳೇ. ವೋಟು ಬರೋ ವರ್ಷ ಅಲ್ವಾ, ಇಷ್ಟು ಬೇಗ ದರ್ಶನ ಕೊಟ್ಟೆ" ಎಂದರು. ಉಳಿದವರು ಕಿಸಕ್ಕೆಂದರು.

ಎಣಿಸಿದೆ. ಒಂಬತ್ತು ಜನ. ಎದ್ದು ಹೋಗಿ ಹೊರಗಿನ ಗೂಡು ಎಣಿಸಿದೆ. ನನ್ನ ಶೂ ಬಿಟ್ಟು ಇಪ್ಪತ್ತಾರು ಜೊತೆ.

"ಅಧ್ಯಕ್ಷರಮ್ಮ, ಇಷ್ಟು ಚಪ್ಪಲಿ ಯಾರದ್ದು?"

"ನಮ್ದು. ಅಡುಗೆಮನೆಗೆ ಹಾಕ್ಕೊಳೋದು ಒಂದೆರಡು. ಮೇಲಿನ ಎರಡು ಸಾಲು ಹೋದವರದ್ದು."

"ಎಲ್ಲಿಗೆ ಹೋದವರದ್ದು?"

"ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತಾರೆ? ಗುಡ್ಡಕ್ಕೆ." ಅವರು ಎಲೆ ಕೆಳಗಿಟ್ಟರು. "ಮಕ್ಕಳು ಬಂದು ಉಂಗುರ ಕೇಳ್ತಾರೆ, ಬ್ಯಾಂಕಿನ ಪುಸ್ತಕ ಕೇಳ್ತಾರೆ. ಇಲ್ಲಿ ಬಿಟ್ಟ ಚಪ್ಪಲಿ ಯಾರೂ ಕೇಳಲ್ಲ. ಎಸೆಯೋಕೆ ನಂಗೆ ಕೈ ಬರಲ್ಲ. ಇರ್ಲಿ, ಅವೇನು ಅನ್ನ ಕೇಳ್ತವಾ?"

ಸತ್ತವರ ಚಪ್ಪಲಿ ಎಣಿಸಿ, ಇಷ್ಟು ಜನ ತಂಪಾಗಿ ಕೂತಿದ್ದಾರೆ ಎಂದು ಬರೆದು ಸಹಿ ಹಾಕಿದ್ದೇನೆ. ಬದುಕಿದ್ದವಳು ಅದೇ ಗೋಡೆಯ ಆಚೆ ಕೂತಿದ್ದಳು. ಅವಳನ್ನು ಯಾವ ಸಾಲಿನಲ್ಲೂ ಬರೆಯಲಿಲ್ಲ.

ಮಲ್-ನ್ಯೊ ಯಾಕೆ ಒಳಗೆ ಬರುತ್ತಿರಲಿಲ್ಲ ಎಂದು ಕೇಳಿದೆ.

"ಬಂದಿದ್ಲು. ಹೋದ ವರ್ಷ ಮೂರು ದಿನ" ಎಂದರು ತಾಕ್ ಅಮ್ಮ. "ಬಂದವಳೇ ಸೀದಾ ಅಡುಗೆಮನೆಗೆ ಹೋಗಿ ಎಲ್ಲಾರ ಬಟ್ಟಲು ತೊಳೆದ್ಲು. ಕೂತ್ಕೋ ಅಂದ್ರೆ ಕೂರಲಿಲ್ಲ. ನಮ್ಮ ಕೂಟದವಳಲ್ವಲ್ಲ, ಹೆಂಗೆ ಕೂರ್ತಾಳೆ? ಮೂರನೇ ದಿನ ಯಾರೋ ಅಂದ್ರು, ಇವ್ಳು ಬಂದ್ರೆ ರಟ್ಟಿನ ವಾಸನೆ ಬರುತ್ತೆ ಅಂತ. ಮಾರನೇ ದಿನದಿಂದ ಬರಲಿಲ್ಲ."

"ಯಾರಂದಿದ್ದು?"

"ಎಲೆ ಹಾಕ್ರೇ, ಯಾರ ಸರದಿ?" ಎಂದು ಅವರು ಆಟಕ್ಕೆ ತಿರುಗಿದರು.

ಸೆಪ್ಟೆಂಬರ್ 20

ಫ್ಯಾನು ಹಾಕುವುದನ್ನು ಬಿಟ್ಟಿದ್ದೇನೆ. ಆ ಸದ್ದು ಸಹಿಸಲು ಆಗುವುದಿಲ್ಲ. ನಮ್ಮವರು ಬೆವರು ಒರೆಸಿಕೊಳ್ಳುತ್ತಾ ಪಕ್ಕದ ಕೋಣೆಗೆ ಹಾಸಿಗೆ ಹೊತ್ತುಕೊಂಡು ಹೋದರು. "ನಿನ್ ಸಮಿತಿ ಬೇಕಾದ್ರೆ ಭೂಮಿ ತಂಪು ಮಾಡ್ಲಿ, ನಂಗೆ ಈ ಕೋಣೆ ತಂಪು ಮಾಡ್ಕೊಟ್ರೆ ಸಾಕು" ಎಂದರು. ಒಳ್ಳೆಯ ಮಾತು, ನಗು ಬರಬೇಕಿತ್ತು.

ಅಕ್ಟೋಬರ್ 6

ಹಬ್ಬ. ಹಿರಿಯರಿಗೆ ಎಡೆ ಇಟ್ಟಾಗ ನಮ್ಮವರು ಬಟ್ಟಲುಗಳನ್ನು ಎಣಿಸಿದರು. "ಅಪ್ಪನಿಗೆ, ಅಮ್ಮನಿಗೆ. ಮೂರನೇದು ಯಾರಿಗೆ?"

ಕೈತಪ್ಪಿ ಹೆಚ್ಚು ಬಡಿಸಿದೆ ಎಂದೆ. ಅವರು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ನವೆಂಬರ್ 3

ಸಮಿತಿಯ ಅಧ್ಯಕ್ಷ ಕುಕ್ ಇನ್-ಪ್ಯೊ ಅವರಿಗೆ ಎಲ್ಲ ಹೇಳಿದೆ. ಚಪ್ಪಲಿಯ ವಿಷಯ, ಸಹಿಯ ವಿಷಯ. ವಿಚಾರಣೆಯ ವರದಿಯಲ್ಲಿ ಸೊನ್ನೆಯ ಜಾಗದಲ್ಲಿ ಒಂದು ಎಂದು ಬರೆಯಬೇಕು ಎಂದೆ.

ಅವರು ಬಾರ್ಲಿ ಚಹಾ ಗುಟುಕರಿಸಿ ಕೇಳಿದರು. ಕೆಟ್ಟ ಮನುಷ್ಯರೇನಲ್ಲ. ನನಗೆ ಟಿಕೆಟ್ಟು ಕೊಡಿಸಿದವರೇ ಅವರು.

"ಬಾನ್ ಮೇಡಂ, ಆ ಸೊನ್ನೆ ಯಾರೊಬ್ರ ಸ್ವತ್ತೂ ಅಲ್ಲ. ಬಿಸಿಲಲ್ಲಿ ನೀರು ಹಂಚಿದ ಹುಡುಗಿಯರದ್ದು, ಚಾವಣಿ ಹತ್ತಿ ಬಣ್ಣ ಬಳಿದವರದ್ದು. ಅವ್ರೆಲ್ಲಾ ಕೆಲಸ ಮಾಡಿಲ್ವಾ?"

"ಮಾಡಿದ್ದಾರೆ."

"ಮತ್ತೆ? ಡಾಕ್ಟ್ರು ಹೃದಯ ಅಂದಿದ್ದಾರೆ, ಪೊಲೀಸ್ರು ಹೃದಯ ಅಂದಿದ್ದಾರೆ. ನೀವ್ಯಾರು ಬಿಸಿಲು ಅನ್ನೋಕೆ? ಜೂನಲ್ಲಿ ಚುನಾವಣೆ. ಸಹಿ ನಿಮ್ದು ಅಂತ ನೀವೇ ಹೇಳಿದ್ರೆ ಪಕ್ಷ ನಿಮ್ಮನ್ನ ನಿಲ್ಸಲ್ಲ. ಸತ್ತವಳು ಬಂದು ವೋಟು ಹಾಕ್ತಾಳಾ?"

ತಾನಾಗಿ ಹೋಗುವ ಮಾರಿಯನ್ನು ಮನೆಗೆ ಕರೆಯಬೇಡಿ ಎಂದೂ ಹೇಳಿದರು. ಅವರ ಮಾತಿನಲ್ಲಿ ತಪ್ಪು ಹುಡುಕುತ್ತಾ ಮನೆಯವರೆಗೂ ನಡೆದು ಬಂದೆ. ಸಿಗಲಿಲ್ಲ. ಆದರೂ ಮನೆಯ ಮೆಟ್ಟಿಲ ಬಳಿ ಅವಳು ಕೂತಿದ್ದಳು. ಚಳಿಗಾಲ ಬಂದಿದೆ, ಇನ್ನೂ ನೆರಳೇ ಬೇಕು ಇವಳಿಗೆ.

ನವೆಂಬರ್ 12

ಮಾತು ಕೈಕೊಡಬಾರದೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಎರಡು ಬಗೆಯಲ್ಲಿ ಮಾಡಿದೆ. ಹೇಳುವುದು ಒಂದು, ಹೇಳದೆ ಬರೀ ಅಧಿಕಾರಿಗಳನ್ನು ಗದರಿಸುವುದು ಇನ್ನೊಂದು. ಎರಡನೆಯದರಲ್ಲಿ ನನ್ನ ದನಿ ಚೆನ್ನಾಗಿದೆ.

ನವೆಂಬರ್ 18

ವಿಚಾರಣೆ ಮುಗಿಯಿತು. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಮೇಂಗ್ ಎದ್ದು ನಿಂತು ಬಲಗೈ ಎತ್ತಿ ಪ್ರಮಾಣ ಮಾಡಿದರು. ಮನಸ್ಸಾಕ್ಷಿಗೆ ತಕ್ಕಂತೆ, ಏನನ್ನೂ ಮುಚ್ಚಿಡದೆ, ಏನನ್ನೂ ಸೇರಿಸದೆ ಹೇಳುತ್ತೇನೆ ಎಂದು. ಬಿಳಿ ಚಾವಣಿ ಎಷ್ಟು, ತಂಗುದಾಣ ಎಷ್ಟು, ಎಲ್ಲ ಓದಿದರು. "ಬಿಸಿಲಿನಿಂದ ಸಾವು, ಸೊನ್ನೆ" ಎಂದು ಓದುವಾಗ ಮಾತ್ರ ಒಮ್ಮೆ ಗಂಟಲು ಸರಿಮಾಡಿಕೊಂಡರು.

ನನ್ನ ಸರದಿ ಬಂತು.

"ಮೂರು ಬಾವಿ ಓಣಿಯ ತಂಗುದಾಣಕ್ಕೆ ಜನ ಬರ್ತಿದ್ರು ಅಂತ ಹೇಗೆ ಗೊತ್ತು?"

"ಜುಲೈ ಇಪ್ಪತ್ತಮೂರರ ಪರಿಶೀಲನೆಯ ಹಾಳೆ ಇದೆ ಮೇಡಂ. ಇಪ್ಪತ್ತಾರು ಜನ."

"ಪರಿಶೀಲನೆ ಮಾಡಿದ್ದು ಯಾರು?"

ಮೇಂಗ್ ನನ್ನ ಮುಖ ನೋಡಿದರು. ಹಾಳೆ ಅವರ ಕೈಯಲ್ಲೇ ಇತ್ತು. "ಒಬ್ಬ ಸದಸ್ಯರು" ಎಂದರು. ನನ್ನನ್ನು ಉಳಿಸಿದರು. ಅಲ್ಲಿಗೆ ಬಿಡಬಹುದಿತ್ತು. ಕುಕ್ ಅವರು ಗಡಿಯಾರ ನೋಡಿಕೊಂಡು ಮುಂದಿನವರ ಹೆಸರು ಕರೆಯಲು ಬಾಯಿ ತೆರೆದಿದ್ದರು.

ನಾನು ಎದ್ದೆ. ಸದಸ್ಯರ ಸಾಲಿನಿಂದ ಇಳಿದು ಹೋಗಿ ಉತ್ತರ ಹೇಳುವವರ ಕುರ್ಚಿಯ ಪಕ್ಕ ನಿಂತೆ. ಬಲಗೈ ಎತ್ತಿದೆ.

"ಬಾನ್ ಮೇಡಂ, ಇಂಥಾ ಪದ್ಧತಿ ಇಲ್ಲ. ನಿಮ್ಮ ಜಾಗಕ್ಕೆ ಹೋಗಿ" ಎಂದರು ಕುಕ್.

"ಕೇಳೋ ಜಾಗದಲ್ಲಿ ಕೂತು ಇದನ್ನ ಹೇಳೋಕೆ ಬರಲ್ಲ ಅಧ್ಯಕ್ಷರೇ."

ಪ್ರಮಾಣ ಮಾಡಿದೆ. ಆ ಸಹಿ ನನ್ನದು ಎಂದೆ. ಶೂ ಬಿಚ್ಚಲು ಬೇಸರಪಟ್ಟು ಹೊಸ್ತಿಲಲ್ಲಿ ನಿಂತು ಚಪ್ಪಲಿ ಎಣಿಸಿದೆ, ಅರ್ಧಕ್ಕಿಂತ ಹೆಚ್ಚು ಸತ್ತವರ ಚಪ್ಪಲಿ ಎಂದೆ. ಹೊರಗೆ ಕೂತಿದ್ದವಳ ಹೆಸರು ಯೊಮ್ ಮಲ್-ನ್ಯೊ, ಹತ್ತು ದಿನದ ಮೇಲೆ ಮುಚ್ಚಿದ ಕೋಣೆಯಲ್ಲಿ ಸತ್ತಳು, ಅವಳನ್ನು ನಾನು ನೋಡಿದ್ದೆ, ಮಾತಾಡಿಸಿದ್ದೆ, ಬಿಟ್ಟು ಬಂದೆ ಎಂದೆ. ಅಭ್ಯಾಸ ಮಾಡಿದ್ದ ಒಂದು ವಾಕ್ಯವೂ ನೆನಪಾಗಲಿಲ್ಲ.

ಆಮೇಲೆ ನೋಡುಗರ ಬೆಂಚಿನಿಂದ ಒಂದು ದನಿ ಬಂತು. "ವಾಸನೆ ಬರುತ್ತೆ ಅಂದವಳು ನಾನು."

ತಾಕ್ ಅಮ್ಮ. ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಎದ್ದು ನಿಲ್ಲಲು ಮುಂದಿನ ಬೆಂಚು ಹಿಡಿದುಕೊಂಡಿದ್ದರು.

"ಅಜ್ಜಿ, ನೋಡೋಕೆ ಬಂದವರು ಮಾತಾಡೋ ಹಾಗಿಲ್ಲ" ಎಂದರು ಕುಕ್.

"ಎಂಬತ್ತೆರಡು ವರ್ಷ ಸುಮ್ನೆ ಇರ್ಬೇಕಾದ ಕಡೆಯೆಲ್ಲಾ ಮಾತಾಡಿದ್ದೀನಿ, ಇವತ್ತೊಂದಿನ ಮಾತಾಡ್ಬೇಕಾದ ಕಡೆ ಮಾತಾಡ್ತೀನಿ ಬಿಡಪ್ಪ. ಅವ್ಳು ನಮ್ಮೆಲ್ರ ಬಟ್ಟಲು ತೊಳೆದ್ಲು. ನಾನು ಮೂಗು ಮುಚ್ಕೊಂಡೆ. ಬಾಗ್ಲು ತೆಗೆದೇ ಇತ್ತು. ನಾನೇ ಅಡ್ಡ ಕೂತಿದ್ದೆ."

ಮತಕ್ಕೆ ಹಾಕಿದರು. ಪರ ನಾಲ್ಕು, ವಿರೋಧ ಮೂರು. ಬಿಸಿಲಿಗೆ ಸತ್ತವರು ಒಬ್ಬರು ಎಂದು ಪರಿಷತ್ತು ತನ್ನ ವರದಿಯಲ್ಲಿ ಬರೆಯುತ್ತದೆ. ಕಚೇರಿಯ ಲೆಕ್ಕ ಏನಾದರೂ ಇರಲಿ. ಬರುವ ಬೇಸಿಗೆಗೆ ತಂಗುದಾಣದಲ್ಲಿ ಕೂರಲು ಯಾವ ಕೂಟದ ಸದಸ್ಯತ್ವವೂ ಬೇಕಾಗಿಲ್ಲ ಎಂದೂ ಆಯಿತು.

ಕುಕ್ ಅವರು ಹೋಗುವಾಗ ನನ್ನ ಕಡೆ ನೋಡಲಿಲ್ಲ. ತಾಕ್ ಅಮ್ಮನನ್ನು ಬಸ್ಸಿಗೆ ಹತ್ತಿಸಿದೆ. ಮುಗಿಯಿತು ಎಂದುಕೊಂಡೆ, ಇನ್ನು ಅವಳು ಬರುವುದಿಲ್ಲ ಎಂದುಕೊಂಡೆ.

ನವೆಂಬರ್ 21

ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬಂದಿದೆ. ಬೆಳಿಗ್ಗೆ ಹತ್ತಕ್ಕೆ ಒಂದು ಫೋನು.

"ಸೊನ್ನೆನ ಒಂದು ಮಾಡಿದವರು ನೀವೇನಾ?" ಹೆಂಗಸಿನ ದನಿ, ಮೀನು ಮಾರುತ್ತಾಳಂತೆ. "ನಮ್ಮ ಯಜಮಾನ್ರು ಜುಲೈ ಇಪ್ಪತ್ತೊಂಬತ್ತಕ್ಕೆ ಹೋದ್ರು. ಫ್ರಿಜ್ಜಿನ ಬಾಗ್ಲು ತೆಗೆದು ಅದರ ಮುಂದೆ ಮಲಗಿದ್ರು. ಸಕ್ಕರೆ ಕಾಯಿಲೆ ಅಂತ ಬರೆದ್ರು."

"ನಾನೇನು ಮಾಡ್ಲಿ ಅಮ್ಮ?"

"ಏನೂ ಬೇಡ. ಬರ್ಕೊಳ್ಳಿ ಅಷ್ಟೇ."

ಹೆಸರು, ವಯಸ್ಸು, ಓಣಿ, ದಿನ. ಬರೆದುಕೊಂಡೆ. ಅವಳು ಇನ್ನೊಮ್ಮೆ ಓದಿಸಿಕೊಂಡು ಕೇಳಿದಳು.

ನವೆಂಬರ್ 26

ಇನ್ನೂ ಮೂರು. ಕೊನೆಯವನು, "ಎರಡು ವರ್ಷದ ಹಿಂದಿಂದೂ ಬರ್ಕೋತೀರಾ?" ಎಂದ. ಅವನ ಅಣ್ಣ, ಕಟ್ಟಡಕ್ಕೆ ಕಲ್ಲು ಹೊರುತ್ತಿದ್ದವನು. ಎರಡು ವರ್ಷದ ಹಿಂದಿನದು ನಮ್ಮ ಮೊದಲ ಸೊನ್ನೆ. ಅವತ್ತು ಸಮಿತಿಯವರೆಲ್ಲ ಸೇರಿ ತಣ್ಣನೆ ಶಾವಿಗೆ ತಿಂದಿದ್ದೆವು. ನಾನೇ ಎಲ್ಲರಿಗೂ ಬಡಿಸಿದ್ದೆ.

ಬರೆದುಕೊಂಡೆ. ಈಗ ಪರಿಷತ್ತಿನಲ್ಲಿ ನನ್ನ ಕೋಣೆಯ ಬಾಗಿಲು ತೆರೆದೇ ಇಡುತ್ತೇನೆ. ಕೋಣೆ ಬಿಸಿ ಮಾಡುವ ಬಾಯ್ಲರ್ ಹಾಕಲು ಮರೆಯುತ್ತೇನಂತೆ, ಬಂದವರು ಕೋಟು ಬಿಚ್ಚುವುದಿಲ್ಲ.

ಡಿಸೆಂಬರ್ 5

ತಾಕ್ ಅಮ್ಮ ಬಂದಿದ್ದರು. ಗೂಡಿನ ಮೇಲಿನ ಸಾಲುಗಳ ಮುಂದೆ ಕೂತು ಒಂದೊಂದೇ ಜೊತೆ ಕೆಳಗಿಳಿಸಿ ಯೋಚಿಸಿದರಂತೆ, ಇವಳು ಯಾವಾಗ ಹೋದಳು, ಹೇಗೆ ಹೋದಳು ಎಂದು.

"ಇಬ್ರು ಬೇಸಿಗೇಲೇ ಹೋಗಿದ್ದು ಕಣೆ. ಸಾಯಂಕಾಲ ನಾವು ಎಸಿ ಆರಿಸಿ ಬೀಗ ಹಾಕ್ತೀವಲ್ಲ, ಆಮೇಲೆ ಅವ್ರವ್ರ ಕೋಣೆಗೆ ಹೋಗ್ತೀವಲ್ಲ. ನಾನು ವಯಸ್ಸಾಗಿತ್ತು ಅಂದ್ಕೊಂಡಿದ್ದೆ. ನಂಗೂ ವಯಸ್ಸಾಗಿದೆ. ನಾನು ಇದ್ದೀನಲ್ಲ."

ಎರಡೂ ಹೆಸರು ಬರೆದೆ. ಒಟ್ಟು ಏಳಾಯಿತು. ತಾಕ್ ಅಮ್ಮ ಗಟ್ಟಿಯಾಗಿ ಅತ್ತರು. ನನಗೆ ಅಳು ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತು.

ಬಾಗಿಲ ಆಚೆ, ಗೋಡೆಯ ಬುಡದಲ್ಲಿ ಈಗ ಹೆಚ್ಚು ಜನ ಕೂತಿರುತ್ತಾರೆ. ನಾನು ಹೋಗುವಾಗ ಬರುವಾಗ ಅವರ ಕಾಲು ತುಳಿಯದಂತೆ ದಾರಿ ನೋಡಿ ನಡೆಯುತ್ತೇನೆ.

ಡಿಸೆಂಬರ್ 12

ಪಕ್ಷದ ಕಚೇರಿಯಿಂದ ಐದು ಸಲ ಫೋನು ಬಂದಿತ್ತಂತೆ. ಅಭ್ಯರ್ಥಿಗಳ ಸಂದರ್ಶನ ನಿನ್ನೆಯೇ ಮುಗಿಯಿತಂತೆ. ನಮ್ಮವರು ಹೇಳಿದ ಮೇಲೆ ನೆನಪಾಯಿತು. ನಿನ್ನೆ ನಾನು ರೈಲು ಹಳಿಯ ಪಕ್ಕದ ಓಣಿಯಲ್ಲಿ ಒಬ್ಬರ ಮನೆ ಹುಡುಕುತ್ತಿದ್ದೆ.

ಮಧ್ಯಾಹ್ನ ಊಟದ ಹೊತ್ತಿಗೆ ಮೇಂಗ್ ಬಂದರು. ಸೊನ್ನೆ ತಪ್ಪಿದ ಮೇಲೆ ಕಚೇರಿಯಲ್ಲಿ ಅವರಿಗೆ ಒಳ್ಳೆಯ ದಿನಗಳಿಲ್ಲ ಎಂದು ಕೇಳಿದ್ದೆ. ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಬೈಸಿಕೊಳ್ಳಲು ಸಿದ್ಧಳೇ ಇದ್ದೆ.

ಅವರು ಕುರ್ಚಿಯ ತುದಿಯಲ್ಲಿ ಕೂತರು. ಮೇಜಿನ ಮೇಲಿದ್ದ ಪಟ್ಟಿಯನ್ನು ತಲೆಕೆಳಗಾಗಿಯೇ ಓದಿದರು.

"ಏಳಾ?"

"ಏಳು."

"ಇನ್ನೊಂದು ಸಾಲು ಬರ್ಕೊಳ್ಳಿ ಮೇಡಂ. ಮೇಂಗ್ ತೆ-ಸುಲ್. ಎಂಬತ್ತೊಂದು. ಮಹಡಿ ಮೇಲಿನ ಕೋಣೆ. ಜುಲೈ ಮೂವತ್ತೊಂದು."

ಪೆನ್ನು ಹಾಗೇ ನಿಂತಿತು.

"ನಮ್ಮಪ್ಪ" ಎಂದರು. ಅದೇ ಏರದ ದನಿ. "ಭಾನುವಾರ ಹೋಗಿದ್ದೆ. ಗೋಡೆ ಮುಟ್ಟಿದ್ರೆ ಕೈ ಸುಡ್ತಿತ್ತು. ನಮ್ಮನೆಗೆ ಬನ್ನಿ ಅಂದೆ, ಬೇಡ ಅಂದ್ರು. ಇನ್ನೊಂದ್ಸಲ ಕರೀಲಿಲ್ಲ. ಗುರುವಾರ ಹೋದ್ರು. ನಿಮ್ಗೆ ಮಲ್-ನ್ಯೊ ಅವರ ಬಗ್ಗೆ ಸೊನ್ನೆ ಅಂದೆನಲ್ಲ, ಆಗ ನಾನು ಅಪ್ಪನ ಬೂದಿ ಇಟ್ಟು ಬಂದು ಎರಡು ದಿನ ಆಗಿತ್ತು."

"ಯಾರಿಗೂ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ ಮೇಡಂ. ನಮ್ಮ ವಾರ್ಡಲ್ಲಿ ಅದನ್ನ ಕೇಳೋ ಕೆಲಸ ನಂದು."

ಎಂಟನೆಯ ಸಾಲು ಬರೆದೆ. ಅವರು ಪಟ್ಟಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ತಂದೆಯ ಹೆಸರನ್ನು ಬೆರಳಿಟ್ಟು ಓದಿದರು. ಸರಿಯಿದೆ ಎಂದರು. ಊಟದ ಹೊತ್ತು ಮುಗಿದು ಗಂಟೆ ಬಾರಿಸಿತು. ಇಬ್ಬರೂ ಏಳಲಿಲ್ಲ.